ಉಪಸಂಹಾರವೂ ಒಂದು ವಿದ್ಯೆ

ಯಾವ ದೊಡ್ಡ ಕಟ್ಟಡಕ್ಕಾದರೂ ಶಂಕುಸ್ಥಾಪನೆಗೆ ಒಂದು ಮುಹೂರ್ತವುಂಟು, ಪ್ರಾರಂಭೋತ್ಸವಕ್ಕೆ ಒಂದು ಮುಹೂರ್ತವುಂಟು. ಅದನ್ನು ಕಳಚಿ, ತೊಳೆದು, ನಿಂತ ನೆಲವನ್ನು ಮತ್ತೆ ನೆಲವಾಗಿ ಒಪ್ಪಿಸುವ ದಿನಕ್ಕಾಗಿ ಪಂಚಾಂಗವನ್ನು ತೆರೆದು ನೋಡಿದವರನ್ನು ಮಾತ್ರ ಕಾಣೆವು. 1956ನೆಯ ಇಸವಿಯ ಅಕ್ಟೋಬರ್ 17ರಂದು, ಇಂಗ್ಲೆಂಡಿನ ವಾಯವ್ಯ ತೀರದಲ್ಲಿ, ಐರಿಷ್ ಸಮುದ್ರದ ದಂಡೆಯ ಕಾಲ್ಡರ್ ಹಾಲ್ ಎಂಬ ಸ್ಥಳದಲ್ಲಿ, ಆಗಿನ್ನೂ ತರುಣಿಯಾಗಿದ್ದ ಎರಡನೆಯ ಎಲಿಜಬೆತ್ ರಾಣಿಯವರು, ಪರಮಾಣುವಿನ ಗರ್ಭದಿಂದ ಹೊರಟ ವಿದ್ಯುತ್ತನ್ನು ಜನರ ಮನೆಗಳ ಕಡೆಗೆ ಹರಿಯಗೊಟ್ಟ ಸಮಾರಂಭವು ಇಡೀ ಜಗತ್ತಿನ ಕಣ್ಣನ್ನು ಸೆಳೆದಿತ್ತು. ನಲವತ್ತಾರು ವರ್ಷಕ್ಕೂ ಮಿಕ್ಕಿ ದುಡಿದ ಆ ಸ್ಥಾವರವು 2003ರ ಮಾರ್ಚಿ ತಿಂಗಳ ಕೊನೆಯಲ್ಲಿ ನಿಂತಿತು. ಆ ಎರಡನೆಯ ದಿನಾಂಕವನ್ನು ನೆನೆಯುವವರು ವಿರಳ. ಕಾಲ್ಡರ್ ಹಾಲನ್ನು ತನ್ನೊಳಗೆ ಇಟ್ಟುಕೊಂಡಿರುವ ಸೆಲ್ಲಾಫೀಲ್ಡ್ ಎಂಬ ವಿಸ್ತಾರವಾದ ಪರಮಾಣು ಕ್ಷೇತ್ರವನ್ನು ಪೂರ್ತಿಯಾಗಿ ಶುದ್ಧಗೊಳಿಸುವ ಕೆಲಸವಾದರೋ 2125ರವರೆಗೆ ನಡೆಯತಕ್ಕದ್ದೆಂದೂ, ಅದಕ್ಕೆ ತಗಲುವ ವೆಚ್ಚವು 13,600 ಕೋಟಿ ಪೌಂಡುಗಳಷ್ಟಾದೀತೆಂದೂ ಆ ದೇಶದ ಲೆಕ್ಕ ಪರಿಶೋಧಕರು 2024ರಲ್ಲಿ ಬರೆದಿದ್ದಾರೆ. ಅಜ್ಜನು ಹೊತ್ತಿಸಿದ ಒಲೆಯ ಬೂದಿಯನ್ನು ಮರಿಮಗನ ಮಗನು ಬಳಿಯಬೇಕಾದ ಪರಿಸ್ಥಿತಿ ಇದು.

ಮಹಾಭಾರತದ ಸೌಪ್ತಿಕ ಪರ್ವದ ಕಥೆಯನ್ನು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಶ್ವತ್ಥಾಮನೂ ಅರ್ಜುನನೂ ಎದುರುಬದುರಾಗಿ ನಿಂತು ಒಂದೇ ಮಹಾಸ್ತ್ರವನ್ನು ತೊಟ್ಟರು. ಲೋಕವು ಬೆಂದುಹೋದೀತೆಂದು ಋಷಿಗಳು ನಡುವೆ ಬಂದು ಅಸ್ತ್ರಗಳನ್ನು ಹಿಂದಕ್ಕೆ ಕರೆದುಕೊಳ್ಳಿರೆಂದಾಗ ಅರ್ಜುನನು ಕರೆದುಕೊಂಡನು, ಅಶ್ವತ್ಥಾಮನಿಂದ ಆಗಲಿಲ್ಲ. ಗುರುವು ಒಬ್ಬನೇ, ಅಸ್ತ್ರವೂ ಒಂದೇ. ಆದರೆ ಒಬ್ಬನಿಗೆ ಪ್ರಯೋಗವೂ ಉಪಸಂಹಾರವೂ ಎರಡೂ ವಶವಾಗಿದ್ದವು, ಇನ್ನೊಬ್ಬನಿಗೆ ಪ್ರಯೋಗ ಮಾತ್ರ. ಪುರಾಣದಲ್ಲಿ ಪರಮಾಣುವನ್ನು ಹುಡುಕಿ ಹೆಮ್ಮೆಪಡಬೇಕೆಂದು ಈ ಕಥೆಯನ್ನು ನಾನು ನೆನೆಯುತ್ತಿಲ್ಲ. ವಿದ್ಯೆಯೊಂದು ಪೂರ್ಣವಾಗುವುದು ಯಾವಾಗ ಎಂಬ ವಿಚಾರದಲ್ಲಿ ನಮ್ಮ ಹಿರಿಯರಿಗಿದ್ದ ಸ್ಪಷ್ಟತೆಯನ್ನು ಸ್ಮರಿಸುವುದಕ್ಕಾಗಿ ನೆನೆಯುತ್ತಿದ್ದೇನೆ. ಪರಮಾಣು ಸ್ಥಾವರವನ್ನು ಕಟ್ಟುವ, ನಡೆಸುವ ವಿದ್ಯೆಯನ್ನು ನಮ್ಮ ದೇಶವು ಅರವತ್ತು ವರ್ಷಗಳಿಂದಲೂ ಶ್ರದ್ಧೆಯಿಂದ ಕಲಿಸುತ್ತ ಬಂದಿದೆ. ಅದನ್ನು ಮುಚ್ಚುವ, ಕಳಚುವ, ಸುತ್ತಲಿನ ಮಣ್ಣುನೀರುಗಳನ್ನು ಶುದ್ಧಗೊಳಿಸುವ ವಿದ್ಯೆಯನ್ನೂ ಅಷ್ಟೇ ಶ್ರದ್ಧೆಯಿಂದ, ವಿಶ್ವವಿದ್ಯಾಲಯದ ಸ್ನಾತಕೋತ್ತರ ವ್ಯಾಸಂಗವಾಗಿ, ಕಟ್ಟಿದವರೂ ನಡೆಸಿದವರೂ ಇನ್ನೂ ನಮ್ಮ ನಡುವೆ ಇರುವಾಗಲೇ ಕಲಿಸತೊಡಗಬೇಕೆಂಬುದು ಈ ಲೇಖನದ ನಿವೇದನೆ.

ಎಂಜಿನಿಯರುಗಳು ಡಿಕಮಿಷನಿಂಗ್ ಎಂದು ಕರೆಯುವ ಈ ಕಾರ್ಯವು ಹಳೆಯ ಕಾರ್ಖಾನೆಯೊಂದನ್ನು ಗುಜರಿಗೆ ಮಾರಿದಂತಲ್ಲ. ಮೊದಲು ಉರಿದು ಮುಗಿದ ಇಂಧನವನ್ನು ಹೊರತೆಗೆಯಬೇಕು. ಸ್ಥಾವರದ ವಿಕಿರಣದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದರೊಡನೆಯೇ ಹೊರಟುಹೋಗುತ್ತದೆ. ಆದರೆ ಉಳಿದ ಒಂದು ಪಾಲು ಎಲ್ಲೆಲ್ಲಿ ಅಡಗಿದೆಯೆಂಬುದೇ ಕಷ್ಟದ ಪ್ರಶ್ನೆ. ವರ್ಷಗಟ್ಟಲೆ ನ್ಯೂಟ್ರಾನುಗಳ ಹೊಡೆತವನ್ನು ಉಂಡ ಉಕ್ಕು ತಾನೇ ವಿಕಿರಣಶೀಲವಾಗಿರುತ್ತದೆ. ಕೊಳವೆಗಳ ಒಳಗೋಡೆಗೆ ತುಕ್ಕಿನ ತೆಳುಪದರವಾಗಿ ಕೋಬಾಲ್ಟ್ ಅಂಟಿಕೊಂಡಿರುತ್ತದೆ. ಕಾಂಕ್ರೀಟು ಹಲವು ಅಂಗುಲಗಳ ಆಳಕ್ಕೆ ಸೋರಿಕೆಯ ನೀರನ್ನು ಹೀರಿಕೊಂಡಿರುತ್ತದೆ. ಇದನ್ನೆಲ್ಲ ಅಳೆದು, ನಕ್ಷೆ ಬರೆದು, ರಾಸಾಯನಿಕಗಳಿಂದ ತೊಳೆದು, ಮನುಷ್ಯನು ಹತ್ತಿರ ಹೋಗಲಾರದ ಎಡೆಗಳಲ್ಲಿ ಯಂತ್ರಹಸ್ತಗಳಿಂದ ಕೊಯ್ದು, ಕೊಯ್ದ ಪ್ರತಿಯೊಂದು ಚೂರನ್ನೂ ಅದರದರ ವಿಕಿರಣದ ಪ್ರಮಾಣಕ್ಕೆ ತಕ್ಕಂತೆ ಬೇರ್ಪಡಿಸಿ, ತೂಗಿ, ಕಟ್ಟಿ, ಬರೆದಿಟ್ಟು, ಕಡೆಯಲ್ಲಿ ನೆಲವನ್ನೂ ಅಂತರ್ಜಲವನ್ನೂ ಪರೀಕ್ಷಿಸಿ, ಇಲ್ಲಿ ಇನ್ನು ಮಕ್ಕಳು ಆಡಬಹುದು ಎಂಬ ಮಾತನ್ನು ಸಹಿ ಹಾಕಿ ಹೇಳುವವರೆಗೆ ಈ ಕೆಲಸವು ಮುಗಿಯುವುದಿಲ್ಲ.

ಇಂಥ ಸ್ಥಾವರವನ್ನು ಒಡನೆಯೇ ಕಳಚಬೇಕೆ, ಕೆಲವು ದಶಕಗಳ ಕಾಲ ಬೀಗ ಹಾಕಿ ಕಾದು ಆಮೇಲೆ ಕಳಚಬೇಕೆ ಎಂಬ ವಿಷಯದಲ್ಲಿ ಎರಡು ಪಂಥಗಳಿವೆ. ಕಾಯುವವರ ಪಕ್ಷದಲ್ಲಿ ಪ್ರಕೃತಿಯ ನ್ಯಾಯವೇ ನಿಂತಿದೆ. ಕೋಬಾಲ್ಟ್-60 ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಎಂದರೆ ಅದರ ಅರ್ಧಾಯು, ಐದು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟದ್ದು. ಅಂದರೆ ಐವತ್ತಮೂರು ವರ್ಷ ಸುಮ್ಮನೆ ಕುಳಿತರೆ ಅದರ ತೀಕ್ಷ್ಣತೆಯು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂದು ಯಂತ್ರಮಾನವನನ್ನು ಕಳುಹಿಸಬೇಕಾದ ಕೋಣೆಗೆ ನಾಳೆ ಮನುಷ್ಯನೇ ಕೈಗವಸು ತೊಟ್ಟು ನಡೆದು ಹೋಗಬಹುದು. ಸೀಸಿಯಂ ಮೂವತ್ತು ವರ್ಷಕ್ಕೆ ಅರ್ಧವಾಗುತ್ತದೆ, ಪ್ಲುಟೋನಿಯಂಗೆ ಇಪ್ಪತ್ತನಾಲ್ಕು ಸಾವಿರ ವರ್ಷ ಬೇಕು ಎಂಬುದು ನಿಜವೇ ಆದರೂ, ಕಳಚುವ ಕಾರ್ಮಿಕನ ಮೈಗೆ ಮೊದಲು ತಾಗುವುದು ಕೋಬಾಲ್ಟೇ ಆದುದರಿಂದ ಕಾಯುವುದರಲ್ಲಿ ಅರ್ಥವಿಲ್ಲದಿಲ್ಲ.

ಆದರೆ ಕಾಯುತ್ತಿರುವ ಕಾಲದಲ್ಲಿ ಕ್ಷೀಣಿಸುವುದು ವಿಕಿರಣವೊಂದೇ ಅಲ್ಲ. ತಿಳಿವಳಿಕೆಯೂ ಕ್ಷೀಣಿಸುತ್ತದೆ, ಅದೂ ಕೋಬಾಲ್ಟಿಗಿಂತ ಶೀಘ್ರವಾಗಿ. ಯಾವ ಕವಾಟವು 1970ರ ದಶಕದ ಯಾವ ರಾತ್ರಿ ಸೋರಿತ್ತು, ಯಾವ ಗೋಡೆಯೊಳಗೆ ನಕ್ಷೆಯಲ್ಲಿಲ್ಲದ ಕೊಳವೆಯೊಂದನ್ನು ಅವಸರಕ್ಕೆಂದು ಹಾಯಿಸಿದ್ದರು ಎಂಬುದನ್ನು ಬಲ್ಲವನು ನಿವೃತ್ತನಾಗುತ್ತಾನೆ, ಮುದುಕನಾಗುತ್ತಾನೆ, ಒಂದು ದಿನ ಇಲ್ಲವಾಗುತ್ತಾನೆ. ಸೆಲ್ಲಾಫೀಲ್ಡಿನಲ್ಲಿ 1950 ಮತ್ತು 60ರ ದಶಕಗಳಲ್ಲಿ ಕಟ್ಟಿದ ಕಣಜಗಳಿವೆ. ಇಂಧನದ ಮೇಲಿನಿಂದ ಸುಲಿದ ಲೋಹದ ಕವಚಗಳನ್ನು ಮೇಲಿನ ಕಿಂಡಿಯಿಂದ ಅವುಗಳೊಳಕ್ಕೆ ಸುರಿದರು. ಸುರಿಯುವವರಿಗೆ ಅವಸರವಿತ್ತು, ಮುಂದೊಮ್ಮೆ ಇವನ್ನು ಹೊರತೆಗೆಯಬೇಕಾದೀತೆಂಬ ಆಲೋಚನೆಯು ಆ ರಚನೆಯಲ್ಲೇ ಇರಲಿಲ್ಲ, ಏನನ್ನು, ಎಷ್ಟನ್ನು, ಯಾವಾಗ ಹಾಕಿದರೆಂಬ ದಾಖಲೆಯೂ ಸಮರ್ಪಕವಾಗಿ ಉಳಿಯಲಿಲ್ಲ. ಅರವತ್ತು ಎಪ್ಪತ್ತು ವರ್ಷಗಳ ಮೇಲೆ, ಅದೇ ಕಣಜಗಳಲ್ಲೊಂದರ ಪಕ್ಕೆಯನ್ನು ಕೊರೆದು, ದೂರದಿಂದ ನಡೆಸುವ ಕೊಕ್ಕೆಗಳಿಂದ ಹಿಡಿಹಿಡಿಯಾಗಿ ಹೊರತೆಗೆಯುತ್ತಿರುವ ಇಂದಿನ ಎಂಜಿನಿಯರನು, ತನ್ನ ತಾತನ ತಲೆಮಾರಿನವರ ಮನಸ್ಸಿನಲ್ಲೇನಿತ್ತೆಂಬುದನ್ನು ಊಹಿಸುತ್ತ ಕೆಲಸ ಮಾಡಬೇಕಾಗಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ, ಹೊಳೆಯುವ ಲೋಹದ ತುಂಡುಗಳನ್ನು ಬಿಡಿಸುತ್ತಿದ್ದ ಬಡ ಕೆಲಸಗಾರರ ಕೈಗಳು ಕಪ್ಪಾದುವು, ಕೂದಲು ಉದುರಿತು, ಅವರಲ್ಲಿ ಒಬ್ಬನು ತೀರಿಕೊಂಡನು. ಆ ತುಂಡುಗಳು ಕೋಬಾಲ್ಟ್-60. ಅವು ಬಂದದ್ದು ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಿಂದ. ಅಲ್ಲಿ 1985ರಿಂದ ಬಳಸದೆ ಬಿಟ್ಟಿದ್ದ ಉಪಕರಣವೊಂದನ್ನು, ಅದರೊಳಗೇನಿದೆಯೆಂಬ ನೆನಪೇ ಅಳಿದುಹೋದ ಮೇಲೆ, ಹರಾಜಿನಲ್ಲಿ ಮಾರಿದ್ದರು. ಇಪ್ಪತ್ತೈದು ವರ್ಷಗಳಲ್ಲಿ ಆ ಕೋಬಾಲ್ಟು ಸುಮಾರು ಇಪ್ಪತ್ತೇಳನೆಯ ಒಂದು ಪಾಲಿಗೆ ಇಳಿದಿತ್ತು. ಅದರ ಬಗೆಗಿನ ತಿಳಿವಳಿಕೆಯಾದರೋ ಸೊನ್ನೆಗೆ ಇಳಿದಿತ್ತು. ವಿದ್ಯೆಯ ಮನೆಯಲ್ಲಿಯೇ ಹೀಗಾಗಬಹುದಾದರೆ ಬೇರೆಡೆಯ ಮಾತೇನು? ನೆನಪನ್ನು ಕಾಪಾಡುವುದಕ್ಕೆ ಕಡತಗಳು ಸಾಲವು. ಆ ಕಡತವನ್ನು ಓದಬಲ್ಲ, ಓದಿ ಬೆಚ್ಚಬಲ್ಲ ಮನುಷ್ಯರ ಪರಂಪರೆ ಬೇಕು. ಪರಂಪರೆಯನ್ನು ಕಟ್ಟುವ ಉಪಾಯವಾಗಿ ಮನುಷ್ಯಕುಲವು ಕಂಡುಕೊಂಡಿರುವುದರಲ್ಲಿ ಶ್ರೇಷ್ಠವಾದದ್ದು ಗುರು, ಶಿಷ್ಯ, ಪಠ್ಯ, ಪರೀಕ್ಷೆ ಎಂಬ ಹಳೆಯ ವ್ಯವಸ್ಥೆಯೇ.

ಈ ಸತ್ಯವನ್ನು ಕಷ್ಟದಿಂದ ಕಲಿತ ದೇಶಗಳು ಅದನ್ನು ಆಚರಣೆಗೆ ತಂದಿವೆ. ಬ್ರಿಟನ್ನಿನಲ್ಲಿ 2004ರ ಶಾಸನದ ಮೂಲಕ, ಹಳೆಯ ಪರಮಾಣು ಕ್ಷೇತ್ರಗಳನ್ನು ಶುದ್ಧಗೊಳಿಸುವುದಕ್ಕೆಂದೇ ಒಂದು ಪ್ರಾಧಿಕಾರವನ್ನು ನಿರ್ಮಿಸಿ, ಮರುವರ್ಷದಿಂದ ಅಂಥ ಹಲವು ಕ್ಷೇತ್ರಗಳನ್ನು ಅದರ ಸುಪರ್ದಿಗೆ ಒಪ್ಪಿಸಿದರು. 1956ರಿಂದಲೂ, ಅಂದರೆ ಕಾಲ್ಡರ್ ಹಾಲ್ ಉದ್ಘಾಟನೆಯಾದ ವರ್ಷದಿಂದಲೂ, ರಿಯಾಕ್ಟರುಗಳ ಭೌತಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತ ಬಂದಿದ್ದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯವು, ಅದರ ಪಕ್ಕದಲ್ಲಿಯೇ ಸ್ಥಾವರಗಳ ವಿಸರ್ಜನೆ ಮತ್ತು ತ್ಯಾಜ್ಯ ನಿರ್ವಹಣೆಯೆಂಬ ಇನ್ನೊಂದು ಸ್ನಾತಕೋತ್ತರ ಪದವಿಯನ್ನು ತೆರೆಯಿತು. ಒಂದೇ ವಿದ್ಯಾಲಯದ ಒಂದು ಕೋಣೆಯಲ್ಲಿ ಹೊತ್ತಿಸುವುದನ್ನೂ ಪಕ್ಕದ ಕೋಣೆಯಲ್ಲಿ ಆರಿಸುವುದನ್ನೂ ಕಲಿಸುವ ಈ ಕ್ರಮದಲ್ಲಿ ಒಂದು ಪ್ರಾಮಾಣಿಕತೆಯಿದೆ. 2023ರ ಏಪ್ರಿಲ್ 15ರಂದು ತನ್ನ ಕಡೆಯ ಮೂರು ರಿಯಾಕ್ಟರುಗಳನ್ನು ನಿಲ್ಲಿಸಿದ ಜರ್ಮನಿಯು, ಆ ದಿನವು ಬರುವುದಕ್ಕೆ ಎಷ್ಟೋ ಮುಂಚೆಯೇ ಕಾರ್ಲ್ಸ್‌ರೂಹೆಯ ತಂತ್ರಜ್ಞಾನ ವಿದ್ಯಾಸಂಸ್ಥೆಯಲ್ಲಿ ಕಳಚುವ ತಂತ್ರಕ್ಕೆಂದೇ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸಿತ್ತು.

ಇಂಥ ವ್ಯಾಸಂಗದಲ್ಲಿ ಕಲಿಯತಕ್ಕದ್ದೇನು ಎಂದು ಕೇಳಬಹುದು. ಇಲ್ಲಿಯ ವಿಶೇಷವೇ ಇದು ಯಾವ ಒಂದು ಶಾಸ್ತ್ರದ ಸೀಮೆಯೊಳಗೂ ನಿಲ್ಲದಿರುವುದು. ವಿಕಿರಣವನ್ನು ಅಳೆಯುವುದು ಭೌತಶಾಸ್ತ್ರ; ಕೊಳವೆಯನ್ನು ತೊಳೆಯುವ ದ್ರಾವಣವನ್ನು ಆರಿಸುವುದು ರಸಾಯನಶಾಸ್ತ್ರ; ವಜ್ರದ ಹರಳು ಕೂಡಿಸಿದ ತಂತಿಯಿಂದ ಕಾಂಕ್ರೀಟನ್ನು ಸೀಳುವುದು, ನೀರಿನಡಿಯಲ್ಲಿ ಉಕ್ಕನ್ನು ಕೊಯ್ಯುವುದು ಯಂತ್ರವಿದ್ಯೆ; ಮಣ್ಣಿಗೆ ಇಳಿದ ಸ್ಟ್ರಾನ್ಷಿಯಂ ಯಾವ ವೇಗದಲ್ಲಿ ಬಾವಿಯ ಕಡೆಗೆ ಸಾಗೀತೆಂದು ಹೇಳುವುದು ಭೂವಿಜ್ಞಾನ; ಕಾರ್ಮಿಕನ ದೇಹವು ಎಷ್ಟನ್ನು ಸಹಿಸೀತೆಂಬುದು ವೈದ್ಯಶಾಸ್ತ್ರ; ಐವತ್ತು ವರ್ಷಗಳ ಮೇಲೆ ಬೇಕಾಗುವ ಹಣವನ್ನು ಇಂದು ಹೇಗೆ ಕೂಡಿಡಬೇಕೆಂಬುದು ಅರ್ಥಶಾಸ್ತ್ರ; ಆ ಹಣವನ್ನು ಬೇರೊಂದಕ್ಕೆ ಬಳಸದಂತೆ ಕಾಯುವುದು ನ್ಯಾಯಶಾಸ್ತ್ರ. ಇವೆಲ್ಲದರಲ್ಲಿಯೂ ಒಬ್ಬನೇ ಪಂಡಿತನಾಗಲಾರನು. ಆದರೆ ಇವೆಲ್ಲವೂ ಒಂದೇ ಕೆಲಸದ ಅಂಗಗಳೆಂಬುದನ್ನು ಅರಿತು, ಉಳಿದವರ ಭಾಷೆಯನ್ನು ತಿಳಿಯಬಲ್ಲವನು ಒಬ್ಬನಾದರೂ ಪ್ರತಿ ಕ್ಷೇತ್ರದಲ್ಲಿಯೂ ಇರಬೇಕು. ಪದವಿಯ ನಂತರದ ಪಕ್ವತೆಯಲ್ಲಿ, ಒಂದು ಶಾಸ್ತ್ರದಲ್ಲಿ ಕಾಲೂರಿ ನಿಂತ ಮೇಲೆ, ಈ ವಿಶಾಲದೃಷ್ಟಿಯನ್ನು ಪಡೆಯುವುದು ಸಾಧ್ಯ.

ಆ ದೃಷ್ಟಿಯಲ್ಲಿ ವಿನಯವೂ ಸೇರಿದೆ. ಅಮೆರಿಕದ ಥ್ರೀ ಮೈಲ್ ಐಲೆಂಡಿನಲ್ಲಿ 1979ರ ಮಾರ್ಚಿಯಲ್ಲಿ ಅಪಘಾತವಾದಾಗ ರಿಯಾಕ್ಟರಿನ ಒಡಲು ಬಹುಮಟ್ಟಿಗೆ ಸರಿಯಾಗಿಯೇ ಇದೆಯೆಂದು ತಜ್ಞರು ಭಾವಿಸಿದ್ದರು. ಮೂರು ವರ್ಷ ಕಳೆದು ಒಳಕ್ಕೆ ಚಿಕ್ಕ ಕ್ಯಾಮೆರಾವೊಂದನ್ನು ಇಳಿಸಿದಾಗ ಅಲ್ಲಿ ಕಂಡದ್ದು ಕಲ್ಲುಕುಪ್ಪೆ. ಸುಮಾರು ಅರ್ಧದಷ್ಟು ಇಂಧನ ಕರಗಿತ್ತು; ಅದನ್ನು ಹೊರತೆಗೆದು ಮುಗಿಸುವುದಕ್ಕೆ 1990ರವರೆಗೆ ಹಿಡಿಯಿತು. ಜಪಾನಿನ ಫುಕುಶಿಮಾದಲ್ಲಿ 2011ರಲ್ಲಿ ಕರಗಿ ಗಟ್ಟಿಯಾಗಿರುವ ಇಂಧನಶೇಷವು ಸುಮಾರು 880 ಟನ್ನು. ಅದರಿಂದ ಮೊತ್ತಮೊದಲ ಮಾದರಿಯನ್ನು ಹೊರತಂದದ್ದು 2024ರ ನವೆಂಬರಿನಲ್ಲಿ, ಅದರ ತೂಕ ಒಂದು ಗ್ರಾಮಿಗೂ ಕಡಮೆ. ಹದಿಮೂರು ವರ್ಷಗಳ ಶ್ರಮದ ಫಲವು ಒಂದು ಅಕ್ಕಿಕಾಳಿನಷ್ಟು ದ್ರವ್ಯವೆಂದಾಗ, ಅದು ಸೋಲಿನ ಲೆಕ್ಕವಲ್ಲ, ಕೆಲಸದ ನಿಜವಾದ ಪ್ರಮಾಣ. ಅಲ್ಲಿಯ ಹೊಲಗದ್ದೆಗಳ ಮೇಲ್ಮಣ್ಣನ್ನು ಕೆರೆದು ಚೀಲಗಳಲ್ಲಿ ತುಂಬಿ ರಾಶಿ ಹಾಕಿದವರಿಗೆ ಎದುರಾದ ಪ್ರಶ್ನೆಯು ಇನ್ನೂ ಆಳವಾದುದು: ಫಲವತ್ತಾದ ಮಣ್ಣನ್ನೇ ತ್ಯಾಜ್ಯವೆಂದು ಎತ್ತಿಹಾಕಿದ ಮೇಲೆ ಉಳಿದ ನೆಲದಲ್ಲಿ ರೈತನು ಏನನ್ನು ಬಿತ್ತಬೇಕು? ಶುದ್ಧಿಯೆಂಬುದು ಒಂದೆಡೆಯ ಮಲಿನವನ್ನು ಇನ್ನೊಂದೆಡೆಗೆ ಸಾಗಿಸುವುದೇ ಆದರೆ ಆ ಇನ್ನೊಂದೆಡೆಯವರ ಒಪ್ಪಿಗೆಯನ್ನು ಯಾರು ಕೇಳಬೇಕು? ಇವು ಉಪಕರಣದಿಂದ ಬಗೆಹರಿಯುವ ಪ್ರಶ್ನೆಗಳಲ್ಲ.

ಈಗ ನಮ್ಮ ಮನೆಯ ಮಾತು. 1957ರಲ್ಲಿ ಹೋಮಿ ಭಾಭಾ ಅವರು ಟ್ರಾಂಬೆಯಲ್ಲಿ ತರಬೇತಿ ಶಾಲೆಯನ್ನು ಪ್ರಾರಂಭಿಸಿದಾಗ, ಒಂದೇ ಒಂದು ವಿದ್ಯುತ್ ರಿಯಾಕ್ಟರು ಸಹ ಈ ದೇಶದಲ್ಲಿ ಇರಲಿಲ್ಲ. ತಾರಾಪುರದ ಎರಡು ಘಟಕಗಳು ವಿದ್ಯುತ್ ಕೊಟ್ಟದ್ದು 1969ರಲ್ಲಿ. ಅಂದರೆ ಯಂತ್ರಕ್ಕಿಂತ ಹನ್ನೆರಡು ವರ್ಷ ಮೊದಲೇ ಮನುಷ್ಯರನ್ನು ಸಿದ್ಧಪಡಿಸತೊಡಗಿದ ದೂರದೃಷ್ಟಿ ಅದು. ನಮ್ಮ ಪರಮಾಣು ಕಾರ್ಯಕ್ರಮದಲ್ಲಿ ಶ್ಲಾಘ್ಯವಾದುದೆಲ್ಲವೂ ಆ ಶಾಲೆಯಿಂದ ಹುಟ್ಟಿತೆಂದರೆ ಅತಿಶಯೋಕ್ತಿಯಾಗದು. 2005ರಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯು ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆದು ಉನ್ನತ ವ್ಯಾಸಂಗವೂ ಗಟ್ಟಿಯಾಯಿತು. ನಾನು ಕೇಳುವುದಿಷ್ಟೇ: ಪ್ರಯೋಗದ ವಿಷಯದಲ್ಲಿ ತೋರಿದ ಆ ಹನ್ನೆರಡು ವರ್ಷಗಳ ಮುಂದಾಲೋಚನೆಯನ್ನು ಉಪಸಂಹಾರದ ವಿಷಯದಲ್ಲಿಯೂ ತೋರಬಾರದೇಕೆ? ರಾಜಸ್ಥಾನದ ರಾವತ್‌ಭಾಟಾದ ಮೊದಲನೆಯ ಘಟಕವು 2004ರಿಂದ ನಿಂತಿದೆ. ಟ್ರಾಂಬೆಯ ಸೈರಸ್ ಸಂಶೋಧನಾ ರಿಯಾಕ್ಟರನ್ನು ಐವತ್ತು ವರ್ಷಗಳ ಸೇವೆಯ ನಂತರ 2010ರ ಡಿಸೆಂಬರ್ ಕಡೆಯ ದಿನ ಮುಚ್ಚಿದರು. ಕಾಲವು ಯಾರನ್ನೂ ಕಾಯುತ್ತಿಲ್ಲ.

ನಮ್ಮಲ್ಲಿ ಕೌಶಲವಿಲ್ಲವೆಂಬುದು ನನ್ನ ವಾದವಲ್ಲ. 1990ರ ದಶಕದಲ್ಲಿ ರಾವತ್‌ಭಾಟಾದ ಎರಡನೆಯ ಘಟಕದ ಒಡಲನ್ನು ತೆರೆದು, ತೀವ್ರ ವಿಕಿರಣದ ನಡುವೆ ಅದರ 306 ಶೀತಕ ನಾಳಗಳನ್ನೂ ದೂರನಿಯಂತ್ರಿತ ಉಪಕರಣಗಳಿಂದ ಕಿತ್ತು ಹೊಸವನ್ನು ಕೂಡಿಸಿದವರು ನಮ್ಮ ಎಂಜಿನಿಯರುಗಳೇ. ಕಳಚುವ ವಿದ್ಯೆಯ ಅರ್ಧಭಾಗವನ್ನು ಅವರು ಕೈಯಾರೆ ಕಲಿತಿದ್ದಾರೆ. ಆದರೆ ಕೈಯಲ್ಲಿರುವ ವಿದ್ಯೆಯು ಕೈಯೊಡನೆಯೇ ಹೋಗುತ್ತದೆ. ಗ್ರಂಥಕ್ಕೆ ಇಳಿದು, ತರಗತಿಯಲ್ಲಿ ಪ್ರಶ್ನೆಗೆ ಒಳಗಾಗಿ, ಹೊರಗಿನವನ ಪರೀಕ್ಷೆಯನ್ನು ಗೆದ್ದಾಗ ಮಾತ್ರ ಅದು ಶಾಸ್ತ್ರವಾಗುತ್ತದೆ. ಕಾಗದದ ಮೇಲಿನ ಸಿದ್ಧತೆಯ ವಿಷಯವನ್ನಂತೂ ಭಾರತದ ಮಹಾಲೇಖಪಾಲರು 2012ರ ವರದಿಯಲ್ಲಿ ನಿಷ್ಠುರವಾಗಿ ಬರೆದಿದ್ದಾರೆ: ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಈ ಕುರಿತು ಸುರಕ್ಷತಾ ಕೈಪಿಡಿಯನ್ನು ಹೊರಡಿಸಿ ಹದಿಮೂರು ವರ್ಷಗಳು ಕಳೆದಿದ್ದರೂ, ಮೂವತ್ತು ವರ್ಷ ನಡೆದ ಸ್ಥಾವರಗಳನ್ನೂ ನಿಂತುಹೋದವನ್ನೂ ಒಳಗೊಂಡು, ಯಾವೊಂದು ವಿದ್ಯುತ್ ಸ್ಥಾವರಕ್ಕೂ ವಿಸರ್ಜನೆಯ ಯೋಜನೆಯು ಸಿದ್ಧವಾಗಿರಲಿಲ್ಲ. ಪ್ರತಿ ಯೂನಿಟ್ ವಿದ್ಯುತ್ತಿಗೆ ಎರಡು ಪೈಸೆಯಂತೆ ಈ ಉದ್ದೇಶಕ್ಕೆಂದು ಕೂಡಿಡುವ ಏರ್ಪಾಡೊಂದಿದೆ. ಹಣವನ್ನು ಕೂಡಿಡಲು ಪೈಸೆಯ ಲೆಕ್ಕವಿಟ್ಟ ನಾವು, ಆ ಹಣವನ್ನು ತಿಳಿದು ವೆಚ್ಚಮಾಡಬಲ್ಲ ಮನುಷ್ಯರನ್ನು ಕೂಡಿಡಲು ಯಾವ ಲೆಕ್ಕವನ್ನಿಟ್ಟಿದ್ದೇವೆ? 2047ರ ವೇಳೆಗೆ ಒಂದು ಲಕ್ಷ ಮೆಗಾವಾಟ್ ಪರಮಾಣು ವಿದ್ಯುತ್ತೆಂಬ ಸಂಕಲ್ಪವನ್ನು 2025ರ ಮುಂಗಡಪತ್ರದಲ್ಲಿ ಸಾರಿದಾಗ ದೇಶದ ಸಾಮರ್ಥ್ಯವಿದ್ದದ್ದು ಎಂಟು ಸಾವಿರ ಮೆಗಾವಾಟಿಗೆ ಸ್ವಲ್ಪ ಮೇಲೆ. ಹನ್ನೆರಡು ಮಡಿ ಕಟ್ಟುವವರು ಹನ್ನೆರಡು ಮಡಿ ಕಳಚುವ ಋಣವನ್ನೂ ತಲೆಯ ಮೇಲೆ ಹೊರುತ್ತಾರೆ.

ಕನ್ನಡನಾಡಿಗೆ ಈ ವಿಷಯವು ದೂರದ್ದಲ್ಲ. ಉತ್ತರ ಕನ್ನಡದ ಕಾಳೀನದಿಯ ಕಣಿವೆಯಲ್ಲಿ, ಕದ್ರಾ ಜಲಾಶಯದ ನೀರಿನಿಂದ ತಂಪುಗೊಳ್ಳುತ್ತ, ದಟ್ಟಕಾಡಿನ ನಡುವೆ ಕೈಗಾದ ನಾಲ್ಕು ಘಟಕಗಳು ನಿಂತಿವೆ. ಅವುಗಳ ಒಟ್ಟು ಸಾಮರ್ಥ್ಯ 880 ಮೆಗಾವಾಟ್. 2018ರ ಕಡೆಯ ದಿನದವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದ ಅದರ ಮೊದಲ ಘಟಕವು ಜಗತ್ತಿನ ದಾಖಲೆಯನ್ನೇ ಸ್ಥಾಪಿಸಿತು. ಈ ಸ್ಥಾವರದ ಸುತ್ತ ನಮ್ಮ ನಾಡಿನ ಇಬ್ಬರು ಹಿರಿಯರ ನೆನಪು ಹೆಣೆದುಕೊಂಡಿದೆ. ತುಮಕೂರಿನಲ್ಲಿ ಹುಟ್ಟಿ ದೇಶದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದ ರಾಜಾ ರಾಮಣ್ಣನವರು ಈ ಶಕ್ತಿಯಲ್ಲಿ ದೇಶದ ಭವಿಷ್ಯವನ್ನು ಕಂಡವರು. ಕೋಟದ ಶಿವರಾಮ ಕಾರಂತರು ಅದರಲ್ಲಿ ಕಾಡಿಗೂ ಜನಕ್ಕೂ ವಿಪತ್ತನ್ನು ಕಂಡು, ಎಂಬತ್ತೇಳನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡ ಜಿಲ್ಲೆಯಿಂದಲೇ ನಿಂತರು. ಇಬ್ಬರೂ ಸಂಗೀತವನ್ನೂ ಕಲೆಯನ್ನೂ ಬಲ್ಲವರು, ಇಬ್ಬರೂ ನಾಡನ್ನು ಪ್ರೀತಿಸಿದವರು. ಕೈಗಾವನ್ನು ತೆರೆಯಬೇಕೋ ಬೇಡವೋ ಎಂಬ ವಿಷಯದಲ್ಲಿ ಅವರ ದಾರಿಗಳು ಬೇರೆಯಾದುವು. ಆದರೆ ತೆರೆದದ್ದಾಯಿತು. ತೆರೆಯುವ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿತ್ತು. ಮುಚ್ಚುವ ದಿನ ಬಂದಾಗ ಅದನ್ನು ಚೆನ್ನಾಗಿ ಮುಚ್ಚಬೇಕೆಂಬ ವಿಷಯದಲ್ಲಿ ಯಾವ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಾರದು. ಸ್ಥಾವರವನ್ನು ಬೇಕೆಂದವರ ಮಕ್ಕಳೂ ಬೇಡವೆಂದವರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯಬಹುದಾದ ವಿದ್ಯೆಯೊಂದಿದ್ದರೆ ಅದು ಇದು.

ಶುದ್ಧೀಕರಣದ ಪಾಠಕ್ಕೆ ನಮ್ಮಲ್ಲಿ ಬೇರೆ ಕ್ಷೇತ್ರಗಳೂ ಇವೆ. 2001ರ ಫೆಬ್ರವರಿ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದುವು. ನೂರಕ್ಕೂ ಮಿಕ್ಕಿದ ವರ್ಷಗಳ ಕಾಲ ಅರೆದ ಕಲ್ಲಿನ ಹುಡಿಯು ಸೈನೈಡ್ ಗುಡ್ಡಗಳೆಂಬ ಹೆಸರಿನಿಂದ ಊರಿನ ನಡುವೆ ಇಂದಿಗೂ ನಿಂತು, ಗಾಳಿ ಬೀಸಿದಾಗ ಮನೆಯಂಗಳಕ್ಕೂ ಮಳೆ ಬಂದಾಗ ಕೆರೆಗೂ ಇಳಿಯುತ್ತಿದೆ. ಹೊನ್ನನ್ನು ಒಯ್ದವರು ಹುಡಿಯನ್ನು ಬಿಟ್ಟುಹೋದರು. ಅದೇ ಗಣಿಯ ಸಾವಿರ ಮೀಟರ್ ಆಳದ ಒಂದು ಕೋಣೆಯಲ್ಲಿ, ಪರಮಾಣು ತ್ಯಾಜ್ಯದ ಶಾಖಕ್ಕೆ ಬಂಡೆಯು ಹೇಗೆ ಸ್ಪಂದಿಸೀತೆಂದು ತಿಳಿಯುವುದಕ್ಕಾಗಿ, ಬರಿಯ ವಿದ್ಯುತ್ ಕಾವಿನಿಂದ ನಮ್ಮ ವಿಜ್ಞಾನಿಗಳು ಹಿಂದೆ ವರ್ಷಗಟ್ಟಲೆ ಪ್ರಯೋಗ ನಡೆಸಿದ್ದುಂಟು. 2012ರಲ್ಲಿ ಆ ಗಣಿಗಳಿಗೆ ಪರಮಾಣು ತ್ಯಾಜ್ಯವನ್ನೇ ತರುತ್ತಾರೆಂಬ ಮಾತು ಹಬ್ಬಿದಾಗ ಊರಿಗೆ ಊರೇ ಬೀದಿಗಿಳಿಯಿತು. ಹಾಗೇನೂ ಇಲ್ಲವೆಂದು ಸರ್ಕಾರವು ಹೇಳಬೇಕಾಯಿತು. ಆ ದಿನಗಳಲ್ಲಿ ಜನರ ನಡುವೆ ನಿಂತು, ಯಾವುದು ನಡೆದ ಪ್ರಯೋಗ, ಯಾವುದು ಬರಿಯ ಪ್ರಸ್ತಾಪ, ಯಾವುದು ವದಂತಿ ಎಂದು ಬಿಡಿಸಿ ಹೇಳಬಲ್ಲವರು, ಸ್ಥಾವರದ ಸಂಬಳವನ್ನೂ ಚಳವಳಿಯ ಧ್ವಜವನ್ನೂ ಹಿಡಿಯದ ತಿಳಿದವರು, ಎಷ್ಟು ಮಂದಿ ಇದ್ದರು?

ನನ್ನ ಸಲಹೆಯು ಸ್ಪಷ್ಟವಾಗಿದೆ. ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಪರಮಾಣು ಸ್ಥಾವರಗಳ ವಿಸರ್ಜನೆ ಮತ್ತು ಪರಿಸರ ಶುದ್ಧೀಕರಣವೆಂಬ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನು ಪ್ರಾರಂಭಿಸಬೇಕು. ಕೈಗಾ ಸುತ್ತಲಿನ ಮಣ್ಣು, ನೀರು, ಗಾಳಿಗಳ ಸಹಜ ವಿಕಿರಣವನ್ನು ಸ್ಥಾವರವು ನಡೆಯುವುದಕ್ಕೆ ಮುಂಚಿನಿಂದ ಅಳೆದ ಅನುಭವವೂ, ಪರಿಸರ ವಿಕಿರಣಕ್ಕೆಂದೇ ಮೀಸಲಾದ ಸಂಶೋಧನಾ ಕೇಂದ್ರವೂ ಮಂಗಳೂರು ವಿಶ್ವವಿದ್ಯಾಲಯದಲ್ಲಿವೆ. ಮೊದಲು ಹೇಗಿತ್ತೆಂಬುದನ್ನು ಬಲ್ಲವರೇ ಮತ್ತೆ ಹಾಗಾಯಿತೆಂದು ಹೇಳಲು ಅರ್ಹರು. ಭೌತ, ರಸಾಯನ, ಭೂವಿಜ್ಞಾನ, ಎಂಜಿನಿಯರಿಂಗ್, ಕಾನೂನು ಇವುಗಳಲ್ಲಿ ಯಾವುದರ ಪದವೀಧರರಿಗಾದರೂ ಬಾಗಿಲು ತೆರೆದಿರಬೇಕು. ಮೊದಲ ವರ್ಷ ಪರಸ್ಪರರ ಶಾಸ್ತ್ರದ ಮೂಲಪಾಠ. ಎರಡನೆಯ ವರ್ಷ ಕೈಗಾದಂತಹ ಸ್ಥಾವರದಲ್ಲಿಯೂ ಕೋಲಾರದಂತಹ ನೆಲದಲ್ಲಿಯೂ ತಿಂಗಳುಗಟ್ಟಲೆ ಕೆಲಸ. ನಿವೃತ್ತರಾದ ಹಿರಿಯ ನಿರ್ವಾಹಕರನ್ನೂ ತಂತ್ರಜ್ಞರನ್ನೂ ಕರೆಸಿ, ಅವರ ನೆನಪನ್ನು ವಿದ್ಯಾರ್ಥಿಗಳಿಂದ ಬರೆಯಿಸುವುದು ಪಠ್ಯದ ಅಂಗವೇ ಆಗಬೇಕು. ಸೆಲ್ಲಾಫೀಲ್ಡಿನ ಕಣಜಗಳು ನಮಗೆ ಕಲಿಸುವ ಮೊದಲ ಪಾಠವು ಅದೇ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಉಪೇಕ್ಷಿಸತಕ್ಕದ್ದಲ್ಲ. ಕೈಗಾ ಇನ್ನೂ ದಶಕಗಳ ಕಾಲ ನಡೆಯುವುದು, ಈಗಲೇ ಕಲಿತವರಿಗೆ ಉದ್ಯೋಗವೆಲ್ಲಿ ಎಂಬುದು ಮೊದಲನೆಯದು. ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಹರಡಿಕೊಂಡಿರುವ ವಿಕಿರಣ ಆಕರಗಳನ್ನು ಆಯುಸ್ಸು ಮುಗಿದ ಮೇಲೆ ಸುರಕ್ಷಿತವಾಗಿ ಬೀಳ್ಕೊಡುವ ಕೆಲಸವು ಇಂದಿನದೇ. ಮಾಯಾಪುರಿಯು ಇದಕ್ಕೆ ಸಾಕ್ಷಿ. ವಿಷಲೋಹಗಳಿಂದ ಕೆಟ್ಟ ನೆಲ, ಕಾರ್ಖಾನೆಗಳು ಕೆಡಿಸಿದ ಕೆರೆ, ಮುಚ್ಚಿದ ಗಣಿ, ಇವುಗಳ ಶುದ್ಧಿಗೆ ಬೇಕಾದ ಅಳತೆಯ ಶಿಸ್ತೂ ಮಣ್ಣಿನ ಜ್ಞಾನವೂ ಬಹುಮಟ್ಟಿಗೆ ಇದೇ ಆದುದರಿಂದ, ಈ ವಿದ್ಯಾರ್ಥಿಗೆ ಕೆಲಸವಿಲ್ಲವಾಗುವ ದಿನವು ನಮ್ಮ ದೇಶದ ಭಾಗ್ಯದ ದಿನವಾದೀತು. ಪರಮಾಣು ಇಲಾಖೆಯು ತನಗೆ ಬೇಕಾದವರನ್ನು ತಾನೇ ತಯಾರಿಸಿಕೊಳ್ಳಬಲ್ಲದೆಂಬುದು ಎರಡನೆಯದು. ತಯಾರಿಸಿಕೊಳ್ಳಲಿ; ಅವರ ಸಾಮರ್ಥ್ಯದ ಬಗೆಗೆ ನನಗೆ ಗೌರವವುಂಟು. ಆದರೆ ಕೆಲಸ ಮಾಡುವವನೊಬ್ಬ, ಅದನ್ನು ಪರೀಕ್ಷಿಸುವವನು ಇನ್ನೊಬ್ಬನಾಗಿರಬೇಕೆಂಬುದು ಲೋಕನ್ಯಾಯ. ನಿಯಂತ್ರಣ ಮಂಡಳಿಗೂ, ರಾಜ್ಯ ಸರ್ಕಾರಕ್ಕೂ, ನ್ಯಾಯಾಲಯಕ್ಕೂ, ಪಂಚಾಯಿತಿಗೂ ಇಲಾಖೆಯ ಅನ್ನವನ್ನು ಉಣ್ಣದ ತಜ್ಞರು ಬೇಕಾಗುತ್ತಾರೆ. ಅಂಥವರನ್ನು ಸಾರ್ವಜನಿಕ ವಿಶ್ವವಿದ್ಯಾಲಯವಲ್ಲದೆ ಇನ್ನಾರು ಕೊಡಬಲ್ಲರು?

ಇನ್ನೊಂದು ಅಂಶವನ್ನು ಕನ್ನಡದ ಓದುಗರ ಮುಂದೆ ವಿಶೇಷವಾಗಿ ಇಡಬಯಸುತ್ತೇನೆ. ವಿಕಿರಣ ಕೆಲಸಗಾರನಿಗೆ ನಮ್ಮ ದೇಶವು ವಿಧಿಸಿರುವ ಮಿತಿಯು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರಬಾರದು; ಸಾಮಾನ್ಯ ಜನರಿಗಾದರೆ ವರ್ಷಕ್ಕೆ 1. ಈ ಮೂರು ಅಂಕಿಗಳ ಅರ್ಥವನ್ನು ಕೈಗಾ ಬಳಿಯ ಮಲ್ಲಾಪುರದ ಅಂಗಡಿಯವನಿಗೂ, ಕಾಳಿಯಲ್ಲಿ ಬಲೆ ಬೀಸುವವನಿಗೂ, ಗುತ್ತಿಗೆಯ ಕೂಲಿಗೂ ತಿಳಿಯುವ ಮಾತಿನಲ್ಲಿ, ಭಯವನ್ನೂ ಬಿತ್ತದೆ ಸುಳ್ಳು ಧೈರ್ಯವನ್ನೂ ತುಂಬದೆ ವಿವರಿಸಬಲ್ಲವನೇ ನಿಜವಾದ ಶುದ್ಧೀಕರಣ ತಜ್ಞನು. ಆದುದರಿಂದ ಈ ವ್ಯಾಸಂಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು, ಒಂದು ಗ್ರಾಮಸಭೆಯಲ್ಲಿ ಓದಿ, ಅಲ್ಲಿಯ ಪ್ರಶ್ನೆಗಳಿಗೆ ಉತ್ತರವನ್ನು ಕೊಟ್ಟಲ್ಲದೆ ಪದವಿಯನ್ನು ಪಡೆಯಕೂಡದೆಂದು ವಿಧಿಸಬೇಕು. ಶಾಸ್ತ್ರವು ತನ್ನ ಫಲವನ್ನು ಅನುಭವಿಸುವವರ ಭಾಷೆಯಲ್ಲಿ ಉತ್ತರ ಹೇಳಲಾರದೆ ಹೋದರೆ, ಎಷ್ಟು ನಿಖರವಾದ ಅಳತೆಯೂ ವಿಶ್ವಾಸವನ್ನು ಹುಟ್ಟಿಸಲಾರದು.

ಲೆಕ್ಕವನ್ನೊಮ್ಮೆ ಹಾಕಿ ನೋಡೋಣ. ಕೈಗಾದ ಮೊದಲ ಘಟಕಗಳು 2000ದ ಸುಮಾರಿಗೆ ನಡೆಯತೊಡಗಿದುವು. ಅವುಗಳ ಆಯುಸ್ಸನ್ನು ಎಷ್ಟೇ ಹಿಗ್ಗಿಸಿದರೂ ಈ ಶತಮಾನದ ನಡುಭಾಗದಲ್ಲಿ ಅವನ್ನು ಕಳಚುವ ಪ್ರಶ್ನೆಯು ಎದುರಾಗುವುದು. ಆಗ ಆ ಕೆಲಸದ ಮುಂದಾಳಾಗತಕ್ಕವನು ಇಂದು ಹಳಿಯಾಳದಲ್ಲೋ ಜೋಯಿಡಾದಲ್ಲೋ ಪ್ರಾಥಮಿಕ ಶಾಲೆಯ ಮಗು. ಆ ಮಗುವಿಗೆ ಕಲಿಸತಕ್ಕ ಅಧ್ಯಾಪಕನು ಇಂದು ಸ್ನಾತಕೋತ್ತರ ವಿದ್ಯಾರ್ಥಿಯಾಗಿರಬೇಕು. ಆ ವಿದ್ಯಾರ್ಥಿಗೆ ಸ್ಥಾವರದ ಒಡಲಿನ ಗುಟ್ಟನ್ನು ಹೇಳತಕ್ಕವರು ಈಗಾಗಲೇ ನಿವೃತ್ತಿಯ ಅಂಚಿನಲ್ಲಿದ್ದಾರೆ. ಮೂರು ತಲೆಮಾರುಗಳು ಒಂದೇ ಸಾಲಿನಲ್ಲಿ ಕೈಗೆ ಕೈ ತಾಗುವಷ್ಟು ಹತ್ತಿರ ನಿಂತಿರುವ ಅವಧಿಯು ಬಹಳ ಚಿಕ್ಕದು, ಅದು ಈಗ ನಡೆಯುತ್ತಿದೆ.

ಸೌಪ್ತಿಕ ಪರ್ವದ ಕಥೆಯು ಅಸ್ತ್ರವನ್ನು ಹಿಂದೆಗೆಯಲಾರದ ಸೋಲಿನಲ್ಲಿ ಮುಗಿಯುವುದಿಲ್ಲ. ಹಿಂದಕ್ಕೆ ಬಾರದ ಆ ಅಸ್ತ್ರಕ್ಕೆ ಬೀಳುವುದಕ್ಕೊಂದು ಎಡೆ ಬೇಕಾಯಿತು. ಅದು ಬಿದ್ದದ್ದು ಯುದ್ಧಮಾಡಿದ ಯಾರ ಮೇಲೆಯೂ ಅಲ್ಲ, ಉತ್ತರೆಯ ಗರ್ಭದಲ್ಲಿದ್ದ, ಹೆಸರಿನ್ನೂ ಇಡದ ಶಿಶುವಿನ ಮೇಲೆ. ಅಂದು ಶಿಶುವನ್ನು ಬದುಕಿಸುವುದಕ್ಕೆ ಕೃಷ್ಣನಿದ್ದನು. ನಮ್ಮ ಕಾಲಕ್ಕೆ ಆ ಕೆಲಸವನ್ನು ವಿದ್ಯೆಯೇ ಮಾಡಬೇಕಾಗಿದೆ, ಅದನ್ನು ಕಲಿಸುವ ಶಾಲೆಯನ್ನು ನಾವು ಕಟ್ಟಬೇಕಾಗಿದೆ.